ನಿಂತ ನೆರಳು

ಆಸ್ಪತ್ರೆಯಲ್ಲಿ ನನಗೆ ಇಟ್ಟಿರುವ ಹೆಸರು ನಕಲಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ಬೆನ್ನ ಹಿಂದಿನಿಂದ ಕೇಳಿಸುತ್ತದೆ. ಕೆಲಸವೂ ಅಂಥದ್ದೇ ಅನ್ನಿ. ಆಸ್ಪತ್ರೆಯ ಡೇಟಾಬೇಸಿನ ನಕಲು ತೆಗೆದಿಡುವುದು ನನ್ನ ಹೊಟ್ಟೆಪಾಡು. ಯಾವ ಹಾಸಿಗೆಯಲ್ಲಿ ಯಾರು, ಅವರಿಗೆ ಯಾವ ಮದ್ದು, ಎಷ್ಟು, ಯಾವ ಹೊತ್ತಿಗೆ, ಯಾರ ಮೈಗೆ ಯಾವುದು ಒಗ್ಗುವುದಿಲ್ಲ, ಎಲ್ಲವೂ ಅದರೊಳಗಿದೆ. ಮಶೀನು ಒಂದು ದಿನ ಕೈಕೊಟ್ಟರೆ ಇನ್ನೊಂದು ಪ್ರತಿ ಇರಬೇಕಲ್ಲ, ಅದಕ್ಕೆ ನಾನು.

ಇದರಲ್ಲೊಂದು ಫಜೀತಿಯಿದೆ. ಅಂಗಡಿಯವನು ಸರಕು ಎಣಿಸಬೇಕಾದರೆ ಬಾಗಿಲು ಎಳೆದುಕೊಂಡು ಎಣಿಸುತ್ತಾನೆ. ನಮ್ಮದು ಬಾಗಿಲು ಹಾಕುವ ಅಂಗಡಿಯಲ್ಲ. ನಾನು ಮೊದಲ ಸಾಲಿನಿಂದ ನಕಲು ಮಾಡುತ್ತ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೇಲೆ ಯಾರೋ ಹುಟ್ಟಿರುತ್ತಾರೆ, ಯಾರದೋ ಮದ್ದು ಬದಲಾಗಿರುತ್ತದೆ. ಹಾಗೆ ತೆಗೆದರೆ ನಕಲಿನಲ್ಲಿ ಒಬ್ಬರ ತಲೆ, ಇನ್ನೊಬ್ಬರ ಕಾಲು. ಅದಕ್ಕಾಗಿ ಇರುವುದು ನೆರಳು. ಅಸಲು ಮಶೀನಿನ ಪಕ್ಕದಲ್ಲೇ ಇನ್ನೊಂದು ಮಶೀನು; ಅಸಲಿನಲ್ಲಿ ಏನು ಬರೆದರೂ ಮರುಕ್ಷಣವೇ ಇದೂ ಬರೆದುಕೊಳ್ಳುತ್ತದೆ. ನಕಲು ತೆಗೆಯುವ ಹೊತ್ತಿಗೆ ನಾನು ನೆರಳಿಗೆ ‘ಹಿಡಿ’ ಎಂದು ಆಜ್ಞೆ ಕೊಡುತ್ತೇನೆ. ಅದು ಇದ್ದಲ್ಲೇ ನಿಲ್ಲುತ್ತದೆ. ನಿಂತದ್ದರ ನಕಲನ್ನು ನಿಧಾನವಾಗಿ ತೆಗೆದುಕೊಂಡು, ಸರಿಯಾಗಿ ಬಂದಿದೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ‘ಬಿಡು’ ಎನ್ನುತ್ತೇನೆ. ಅಷ್ಟು ಹೊತ್ತು ತಪ್ಪಿಸಿಕೊಂಡದ್ದನ್ನೆಲ್ಲ ಓದಿಕೊಂಡು ನೆರಳು ಮತ್ತೆ ಅಸಲಿನ ಜೊತೆ ಹೆಜ್ಜೆ ಹಾಕುತ್ತದೆ. ಹಿಡಿಯುವುದೂ ಬಿಡುವುದೂ ಕೈಯಿಂದಲೇ ಆಗಬೇಕೆಂಬುದು ನಮ್ಮ ಕೋಣೆಯ ಪದ್ಧತಿ.

ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ, ಎರಡು ಕುರ್ಚಿ, ಒಂದು ಫೋನು, ಮಶೀನುಗಳು ಬಿಸಿಯಾಗದಿರಲೆಂದು ಮನುಷ್ಯರು ನಡುಗುವಷ್ಟು ತಂಪು. ಇನ್ನೊಂದು ಕುರ್ಚಿ ನನ್ನ ಮೇಲಿನವರದು. ಅವರಿಗೆ ನಾನಿಟ್ಟ ಹೆಸರು ನಿಲ್ಲದಪ್ಪ, ಅಲ್ಲಿಗೆ ಲೆಕ್ಕ ಚುಕ್ತಾ. ಮಾತೆತ್ತಿದರೆ ‘ನಿಲ್ಲಬಾರದು’ ಎನ್ನುತ್ತಾರೆ. ಹಿಂದೊಮ್ಮೆ ಸ್ಕ್ರೀನುಗಳೆಲ್ಲ ಕಪ್ಪಾಗಿ, ಮೇಲೊಬ್ಬ ಮುದುಕಿಗೆ ರಕ್ತ ಸಿಗುವುದು ತಡವಾಯಿತಂತೆ. ಆಕೆಯ ಮಗ ನೆಲಮಾಳಿಗೆಗೆ ಇಳಿದು ಬಂದು, ಬೈಯದೆ, ಅಳದೆ, ಇವರ ಮುಂದೆ ಸುಮ್ಮನೆ ನಿಂತು ನೋಡಿ ಹೋದನಂತೆ. ಅಂದಿನಿಂದ ಅವರಿಗೆ ಸ್ಕ್ರೀನು ಕಪ್ಪಾಗುವುದೆಂದರೆ ಆ ಮುಖ. ಕೆಟ್ಟವರೇನಲ್ಲ, ಹೆದರಿದವರು. ಹೆದರಿದವರ ಕೈಗೆ ಬೀಗದ ಕೈ ಕೊಡಬಾರದೆಂಬುದು ನನ್ನ ಅಭಿಪ್ರಾಯ. ನನ್ನನ್ನು ಯಾರೂ ಕೇಳಿಲ್ಲ.

ಆ ವಾರ ನನ್ನ ಅಕ್ಕ ನಾಲ್ಕನೇ ಮಹಡಿಯಲ್ಲಿದ್ದಳು. ಅಪೆಂಡಿಕ್ಸ್ ತೆಗೆದಿದ್ದರು, ದೊಡ್ಡದೇನಲ್ಲ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು, ಓದಿಸಿದವಳು, ಓದದಿದ್ದಾಗ ಬೆನ್ನು ಮುರಿದವಳು ಅವಳೇ. ಹೊಟ್ಟೆಗೆ ಹೊಲಿಗೆ ಬಿದ್ದರೂ ನಾಲಿಗೆಗೆ ಬಿದ್ದಿರಲಿಲ್ಲ.

"ಇಷ್ಟು ವರ್ಷ ಇಲ್ಲಿ ದುಡೀತೀಯಲ್ಲೇ, ನಿನ್ನ ಹೆಸರು ಹೇಳಿ ಒಂದು ದಿಂಬು ಜಾಸ್ತಿ ಕೊಡಿಸೋಕಾಗಲ್ವಾ?" ಎಂದಳು. ದಿಂಬು ತಂದುಕೊಟ್ಟೆ. ಗಟ್ಟಿಯಾಯಿತೆಂದು ಅದಕ್ಕೂ ಬೈಸಿಕೊಂಡೆ.

ಆಪರೇಷನ್ನಿನ ಮರುದಿನ ಮಧ್ಯಾಹ್ನ ನಾನು ನೆರಳಿಗೆ ‘ಹಿಡಿ’ ಎಂದಿದ್ದೆ, ನಕಲು ಅರ್ಧ ಬಂದಿತ್ತು. ಭಾವನ ಫೋನು ಬಂತು. ಎಂದೂ ದನಿ ಎತ್ತದ ಮನುಷ್ಯ ಕಿರುಚುತ್ತಿದ್ದರು.

"ಬೇಗ ಬಾರಮ್ಮಾ, ನಿಮ್ಮಕ್ಕಂಗೆ ಉಸಿರು ಬರ್ತಿಲ್ಲ!"

ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಸಾರ್, ನಕಲು ಮುಗಿದ ಮೇಲೆ ನೆರಳಿಗೆ ಬಿಡು ಹೇಳಿಬಿಡಿ," ಎಂದೆ.

"ಆಯ್ತು ಆಯ್ತು, ನೀನು ಮೊದಲು ಹೋಗು," ಎಂದರು ನಿಲ್ಲದಪ್ಪ. ಮನಸ್ಸಿನಿಂದಲೇ ಹೇಳಿದ್ದರು. ಲಿಫ್ಟಿನ ಗುಂಡಿಯನ್ನು ತಾವೇ ಓಡಿಬಂದು ಒತ್ತಿದರು.

ಆದದ್ದಿಷ್ಟು. ಗಾಯ ಕೀವು ಕಟ್ಟದಿರಲೆಂದು ಕೊಟ್ಟ ಇಂಜೆಕ್ಷನ್ನು ಅಕ್ಕನ ಮೈಗೆ ಆಗಿರಲಿಲ್ಲ. ನಾನು ಹೋಗುವಷ್ಟರಲ್ಲಿ ಮುಖ ಬಾತು, ತುಟಿ ನೀಲಿಯಾಗಿ, ಗಂಟಲೊಳಗೆ ಶಿಳ್ಳೆಯಂಥ ಸದ್ದು ಬರುತ್ತಿತ್ತು. ಡಾಕ್ಟರು ಅವಳನ್ನು ಹೇಗೋ ಹಿಂದಕ್ಕೆ ಎಳೆದು ತಂದರು. ಆಮೇಲೆ ತಳ್ಳುಗಾಡಿಯ ಮೇಲಿನ ಸ್ಕ್ರೀನಿನ ಮುಂದೆ ನಿಂತು, ಆ ಇಂಜೆಕ್ಷನ್ನನ್ನು ರದ್ದು ಮಾಡಿ, ‘ಆಗದು’ ಎಂದು ದಾಖಲಿಸಿದರು. ಅಕ್ಕನ ಹೆಸರು ಕೆಂಪಾಯಿತು. ಮುಂಚೆ ಇಂಥವರ ಕೈಗೆ ಕೆಂಪು ಪಟ್ಟಿ ಕಟ್ಟುತ್ತಿದ್ದರು. ಸ್ಕ್ರೀನು ಬಂದ ಮೇಲೆ ಪಟ್ಟಿ ಹೋಯಿತು. ಹೆಸರೇ ಕೆಂಪಾಗುವಾಗ ಪಟ್ಟಿ ಯಾಕೆ?

"ಇನ್ನೊಂದು ಸಲ ಇದು ಮೈಗೆ ಹೋದ್ರೆ ನಮ್ಮ ಕೈಲಿ ಆಗಲ್ಲ," ಎಂದರು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು. "ನೆನಪಿರಲಿ."

ನಾನು ಮರೆಯುವವಳಲ್ಲ. ಮಶೀನೂ ಮರೆಯುವುದಿಲ್ಲ ಅಂದುಕೊಂಡೆ. ರಜೆ ಹಾಕಿ ಅಕ್ಕನ ಪಕ್ಕ ಕೂತೆ. ಮರುದಿನ ಸಂಜೆಗೆ ಮುಖದ ಬಾವು ಇಳಿದು, ಅವಳಿಗೆ ಅವಳ ಮೂಗು ವಾಪಸು ಬಂತು.

"ಹೋಗಿ ನೋಡ್ಕೊಂಡು ಬಂದೆ ಕಣೇ," ಎಂದಳು. "ಜಾಗ ಚೆನ್ನಾಗಿಲ್ಲ. ಒಬ್ಬರೂ ಮಾತಾಡಲ್ಲ. ನನಗಾಗಲ್ಲಪ್ಪ ಅಲ್ಲಿ."

"ನಿನ್ನ ಬಾಯಿ ನೋಡಿ ಅವರೇ ಓಡಿಸಿರ್ತಾರೆ," ಎಂದೆ. ಭಾವ ತುಂಬ ಹೊತ್ತಿನ ಮೇಲೆ ನಕ್ಕರು. ನಾನೂ ನಕ್ಕೆ, ಆದರೆ ರಾತ್ರಿಯೆಲ್ಲ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ಮೂರನೇ ದಿನ ಊಟದ ಹೊತ್ತು ಕಳೆದ ಮೇಲೆ ಅವಳೇ ನನ್ನನ್ನು ಅಟ್ಟಿದಳು. ನಾಳೆ ಬೆಳಗ್ಗೆ ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಭಾವ ಅವಳಿಗೆ ಬಟ್ಟೆ ತರಲು ಮನೆಗೆ ಹೋಗಿದ್ದರು. "ಸಂಬಳ ಕೊಡೋರಿಗೂ ಒಂದ್ಸಲ ಮುಖ ತೋರ್ಸಿ ಬಾ. ನಾನೇನು ಮಗುವಾ? ನಿದ್ದೆ ಮಾಡ್ತೀನಿ, ಹೋಗು," ಎಂದು ಗೋಡೆಯ ಕಡೆ ಹೊರಳಿದಳು.

ಕೆಳಗಿಳಿದು ಬಾಗಿಲು ತೆಗೆದಾಗ ಮೊದಲು ಕೇಳಿಸಿದ್ದು ಅಸಲು ಮಶೀನಿನ ಸದ್ದು. ಬರೆದದ್ದನ್ನೆಲ್ಲ ಇಟ್ಟುಕೊಳ್ಳುವ ಡಿಸ್ಕು ಹಲ್ಲು ಕಡಿಯುವ ಹಾಗೆ ಟಿಕ್ಕೆಂದು, ತಡೆದು, ಮತ್ತೆ ಟಿಕ್ಕೆನ್ನುತ್ತಿತ್ತು. ಸಾಯಲು ಹೊರಟ ಡಿಸ್ಕಿನ ಸದ್ದು ಅದು. ನಿಲ್ಲದಪ್ಪನವರ ಮುಖ ಮಾತ್ರ ಅರಳಿತ್ತು.

"ಬಾರಮ್ಮಾ, ಅಕ್ಕ ಹುಷಾರಾ? ನೀನಿಲ್ಲದೇನೇ ಎಷ್ಟು ಚೆನ್ನಾಗಿ ನಡೀತು ನೋಡು. ನೀನು ನಕಲು ತೆಗೆಯೋಕೆ ಕೂತ್ರೆ ಎರಡು ಸಲ ಟೀ ಆಗುತ್ತೆ. ನಾನು ನಿನ್ನೆ ತೆಗೆದೆ, ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. ಇವತ್ತೂ ಅಷ್ಟೇ. ಬೆಣ್ಣೇಲಿ ಕೂದಲು ತೆಗೆದ ಹಾಗೆ."

ಅವರ ಸಂತೋಷ ನೋಡಿ ನಾನೂ ಅರೆಕ್ಷಣ ನಕ್ಕೆ. ನಮ್ಮ ನಕಲಿನ ಕ್ರಮವೇನೆಂದರೆ, ಹಿಂದಿನ ಸಲದಿಂದ ಈಚೆಗೆ ಬದಲಾದದ್ದನ್ನಷ್ಟೇ ಎತ್ತಿಕೊಳ್ಳುವುದು. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತೆಂದರೆ ಏನೂ ಬದಲಾಗಿಲ್ಲ ಎಂದರ್ಥ. ಎರಡು ದಿನ ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ, ಒಬ್ಬರಿಗೂ ಜ್ವರದ ಮಾತ್ರೆ ಬದಲಾಗಲಿಲ್ಲ. ನನ್ನ ನಗು ಮುಖದಲ್ಲೇ ಒಣಗಿತು.

"ಸಾರ್, ಮೊನ್ನೆ ನಾನು ಹೋದ ಮೇಲೆ ನೆರಳಿಗೆ ಬಿಡು ಹೇಳಿದ್ರಾ?"

"ನಕಲು ಮುಗೀತು. ಮುಗಿದ ಮೇಲೆ ಅದೇ ಬಿಟ್ಕೊಳ್ಳಲ್ವಾ?"

"ಬಿಟ್ಕೊಳ್ಳಲ್ಲ. ನೆರಳು ಹಿಂದೆ ಬಿದ್ದಿದೆ ಅಂತ ಗಂಟೆ ಹೊಡ್ಕೋಬೇಕಿತ್ತಲ್ಲ?"

"ಹೊಡ್ಕೊಳ್ತಾನೇ ಇತ್ತಮ್ಮ, ಈ ಡಿಸ್ಕಿಂದು ಅಂದ್ಕೊಂಡೆ. ತಲೆ ಚಿಟ್ಟು ಹಿಡೀತು ಅಂತ ಬಾಯಿ ಮುಚ್ಚಿಸಿದೆ."

ಉಸಿರು ಬಿಟ್ಟೆ. ಎರಡು ದಿನದ ನಕಲು ಹಾಳು, ಅಷ್ಟೇ. ಅಸಲು ಇನ್ನೂ ಓಡುತ್ತಿದೆ. ಈಗ ‘ಬಿಡು’ ಎಂದರೆ ನೆರಳು ಬಂದು ಸೇರಿಕೊಳ್ಳುತ್ತದೆ, ಆಮೇಲೆ ಹೊಸ ನಕಲು ತೆಗೆದರಾಯಿತು. ಕೀಬೋರ್ಡಿಗೆ ಕೈ ಹಾಕಿದೆ. ಆಗ ನಿಲ್ಲದಪ್ಪನವರು ಮೆಲ್ಲಗೆ ಹೇಳಿದರು.

"ಒಂದು ನಿಮಿಷ. ಸ್ಕ್ರೀನೆಲ್ಲಾ ಈಗ ನೆರಳಲ್ಲೇ ಇದೆ."

"ಏನಂದ್ರಿ?"

"ಅಸಲು ನರಳ್ತಾ ಇತ್ತು. ಭಾರ ಇಳಿಸೋಣ ಅಂತ ವಾರ್ಡಿನ ಸ್ಕ್ರೀನು ಅಷ್ಟನ್ನೂ ನೆರಳಿಗೆ ತಿರುಗಿಸಿದೆ. ಬರೆಯೋದು ಅಸಲಿಗೇ ಹೋಗುತ್ತೆ, ಓದೋದು ಮಾತ್ರ ನೆರಳಿಂದ. ಈಗ, ಊಟ ಆದ ಮೇಲೆ. ಒಂದು ಸ್ಕ್ರೀನೂ ಮಿಟುಕಲಿಲ್ಲ ನೋಡು."

ನಮ್ಮ ತಲೆಯ ಮೇಲೆ ಅಷ್ಟೂ ಮಹಡಿಗಳಲ್ಲಿ, ಪ್ರತಿ ತಳ್ಳುಗಾಡಿಯ ಮೇಲೆ, ಬೆಳಗುತ್ತಿರುವ ಪ್ರತಿ ಸ್ಕ್ರೀನು ಮೊನ್ನೆ ಮಧ್ಯಾಹ್ನವನ್ನು ತೋರಿಸುತ್ತಿತ್ತು. ಹೆಸರುಗಳು ಬಹುಪಾಲು ಅವೇ, ಹಾಸಿಗೆಗಳೂ ಅವೇ. ಯಾರಿಗೂ ಅನುಮಾನ ಬರುವ ಹಾಗಿಲ್ಲ. ನಿಲ್ಲಿಸಿದ ಮದ್ದು ಮಾತ್ರ ಇನ್ನೂ ನಿಂತಿಲ್ಲ, ಇಳಿಸಿದ ಪ್ರಮಾಣ ಇನ್ನೂ ಇಳಿದಿಲ್ಲ. ನಾನು ಅಕ್ಕನ ಹಾಸಿಗೆ ತೆಗೆದು ನೋಡಿದೆ. ಹೆಸರು ಕಪ್ಪಗಿತ್ತು. ಕೆಳಗೆ ಆ ಇಂಜೆಕ್ಷನ್ನಿತ್ತು, ದಿನವೂ ಮಧ್ಯಾಹ್ನದ ಮದ್ದಿನ ಸುತ್ತಿಗೆ ಕೊಡಬೇಕೆಂದು. ನೆರಳು ನಿಂತದ್ದು ಅವಳ ಉಸಿರು ನಿಂತಿತೆಂದು ನಾನು ಓಡಿಹೋದ ಹೊತ್ತಿನಲ್ಲೇ. ಆಮೇಲೆ ಡಾಕ್ಟರು ಬರೆದ ಒಂದಕ್ಷರವೂ ಅದಕ್ಕೆ ಗೊತ್ತಿರಲಿಲ್ಲ.

ಸುತ್ತು ಶುರುವಾಗಿತ್ತು. ವಾರ್ಡಿಗೆ ಫೋನು ಮಾಡಿದೆ, ಲೈನು ಖಾಲಿಯಿರಲಿಲ್ಲ, ಯಾರೋ ಮಾತಾಡುತ್ತಿದ್ದರು. ಅಕ್ಕನ ಮೊಬೈಲಿಗೆ ಮಾಡಿದೆ. ಮೊಬೈಲು ನನ್ನ ಚೀಲದಲ್ಲೇ ಬಡಿದುಕೊಂಡಿತು. ಚಾರ್ಜಿಗೆ ಹಾಕಿ ತರುತ್ತೇನೆಂದು ನಾನೇ ಇಸಿದುಕೊಂಡು ಬಂದಿದ್ದೆ.

"ನೆರಳನ್ನ ಆರಿಸ್ತೀನಿ," ಎಂದೆ.

"ಏನು? ಎಲ್ಲಾ ಸ್ಕ್ರೀನು ಕಪ್ಪಾಗುತ್ತೆ!"

"ಆಗ್ಲಿ."

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ? ಬಿಡು ಅನ್ನು, ಅರ್ಧ ಗಂಟೇಲಿ ಹಿಡ್ಕೊಳ್ಳುತ್ತೆ. ಯಾರಿಗೂ ಗೊತ್ತಾಗಲ್ಲ."

"ಆ ಅರ್ಧ ಗಂಟೇಲಿ ಸುತ್ತು ಮುಗಿಯುತ್ತೆ ಸಾರ್!"

"ಹಾಗಾದ್ರೆ ಅಸಲಿಗೇ ತಿರುಗಿಸೋಣ. ಬೇಡ, ಬೇಡ, ಒಟ್ಟಿಗೆ ಅಷ್ಟು ಭಾರ ಬಿದ್ರೆ ಅದು ಅಲ್ಲೇ ಮಲಗುತ್ತೆ. ಒಂದೊಂದೇ ವಾರ್ಡಿಗೆ ಫೋನ್ ಮಾಡಿ ಹೇಳೋಣ."

"ಇರೋದು ಒಂದು ಫೋನು!"

ಅವರು ನನ್ನ ಮತ್ತು ಮಶೀನಿನ ನಡುವೆ ಬಂದು ನಿಂತಿದ್ದರು. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತಾರೆ. ನಿಲ್ಲಬಾರದಮ್ಮ. ನಿಂತಾಗ ಏನಾಗುತ್ತೆ ಅಂತ ನೀನು ನೋಡಿಲ್ಲ."

"ಇದು ಮೆಳ್ಳೆಗಣ್ಣಲ್ಲ, ಮೊನ್ನೆ ನೋಡಿದ್ದನ್ನ ಇವತ್ತು ಅಂತ ಹೇಳೋ ಕಣ್ಣು. ಸ್ಕ್ರೀನು ಕಪ್ಪಾಗಿದ್ರೆ ನರ್ಸು ಇನ್ನೊಬ್ಬರನ್ನ ಕೇಳ್ತಾಳೆ. ಬೆಳಗ್ತಾ ಇದ್ರೆ ಕೊಟ್ಟುಬಿಡ್ತಾಳೆ. ದಾರಿ ಬಿಡಿ."

ಬಿಡಲಿಲ್ಲ. ನಾನು ಅವರನ್ನು ತಳ್ಳಿದೆ. ನನಗಿಂತ ಹಿರಿಯರು, ಒಂದು ದಿನವೂ ನನಗೆ ಗದರಿದವರಲ್ಲ. ಮೇಜಿನ ಅಂಚಿಗೆ ಬಡಿದು ಕೂತುಬಿಟ್ಟರು. ಮೆಟ್ಟಿಲು ಹತ್ತಿ ಓಡಿದರೆ ಉಳಿಯುವುದು ಅಕ್ಕ ಒಬ್ಬಳು, ಗುಂಡಿ ಒತ್ತಿದರೆ ಎಲ್ಲರೂ, ಅವಳೂ. ಹೀಗೆಂದು ಲೆಕ್ಕ ಹಾಕಿ ಮಾಡಿದೆನೆಂದು ಸುಳ್ಳು ಹೇಳಲಾರೆ. ಗುಂಡಿ ಹತ್ತಿರವಿತ್ತು, ಮಹಡಿ ದೂರವಿತ್ತು. ನೆರಳಿನ ಹಸಿರು ದೀಪಗಳು ಒಂದೊಂದಾಗಿ ಆರಿದವು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯಲ್ಲಿ ಯಾರೋ "ಸಿಸ್ಟಮ್ ಹೋಯ್ತು, ಸಿಸ್ಟಮ್ ಹೋಯ್ತು" ಎಂದು ಕೂಗುತ್ತಿದ್ದರು. ಎರಡನೆಯದರಲ್ಲಿ ಒಬ್ಬ ನರ್ಸು ತುಂಬಿದ ಸಿರಿಂಜನ್ನು ಹಾಗೇ ಮೇಲೆ ಹಿಡಿದುಕೊಂಡು, "ಡಾಕ್ಟ್ರೇ, ಹನ್ನೊಂದನೇ ಹಾಸಿಗೆಗೆ ಇದೇ ತಾನೆ?" ಎಂದು ಕೇಳುತ್ತಿದ್ದಳು. "ಅದನ್ನ ನಿನ್ನೇನೇ ನಿಲ್ಸಿದೀನಲ್ಲಮ್ಮ," ಎಂಬ ಉತ್ತರ ನನ್ನ ಕಿವಿಗೆ ಬಿತ್ತು. ನೆರಳನ್ನು ಆರಿಸಿದ್ದು ಸರಿಯಾಯಿತು ಎಂದು ಎದೆ ಹಗುರಾಯಿತು. ಆ ಹಗುರದಲ್ಲೇ ಉಳಿದೆರಡು ಮಹಡಿ ಹತ್ತಿದೆ.

ಅಕ್ಕನ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಪರದೆಯ ಕೆಳಗೆ ಕಾಲುಗಳು ಕಂಡವು, ತುಂಬ ಕಾಲುಗಳು. ಹೊರಗೆ ತಳ್ಳುಗಾಡಿಯ ಪಕ್ಕ ಒಬ್ಬ ನರ್ಸು ನಿಂತಿದ್ದಳು. ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದವಳು, ಹಿಂದಿನ ಎರಡು ದಿನ ಏನಾಯಿತೆಂದು ಅರಿಯದವಳು. ಎದುರಿಗೆ ಸ್ಕ್ರೀನು ಕಪ್ಪಗಿತ್ತು.

"ಕೊಟ್ಟಾದ ಮೇಲೆ ಹೋಯ್ತು ಮೇಡಂ," ಎಂದಳು. "ಕೊಟ್ಟು, ಸೂಜಿ ಎಸೆದು, ಈ ಕಡೆ ತಿರುಗಿದೆ, ಸ್ಕ್ರೀನು ಹೋಯ್ತು."

ಅವಳು ಅಳು ನುಂಗಿಕೊಂಡು ಮುಂದುವರಿಸಿದಳು.

"ಅವರು ಕೇಳಿದ್ರು ಮೇಡಂ. ಇದು ಮೊನ್ನೆದಲ್ಲ ತಾನೆ, ಅದು ನನಗಾಗಲ್ಲ ಅಂದ್ರು. ನಾನು ಎರಡು ಸಲ ನೋಡ್ದೆ. ಹೆಸರು ಕೆಂಪಿರ್ಲಿಲ್ಲ. ಕೆಂಪಿಲ್ಲಮ್ಮ, ಬರೆದಿದಾರೆ ಅಂದೆ. ಹಾಗಾದ್ರೆ ಕೊಡು, ಆ ಮಶೀನ್ನ ನೋಡ್ಕೊಳ್ಳೋಳು ನನ್ನ ತಂಗಿ, ಅದು ತಪ್ಪು ಹೇಳಲ್ಲ ಅಂತ ಕೈ ಚಾಚಿದ್ರು."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಗೋಡೆಗೆ ಒರಗಿ ನಿಂತೆ. ಪರದೆಯೊಳಗಿಂದ ಡಾಕ್ಟರ ದನಿ ಕೇಳಿಸುತ್ತಿತ್ತು, ಚುಟುಕು ಚುಟುಕಾಗಿ. ಶಿಳ್ಳೆಯಂಥ ಆ ಸದ್ದೂ ಕೇಳಿಸುತ್ತಿತ್ತು. ಆಮೇಲೆ ಡಾಕ್ಟರ ದನಿ ಮಾತ್ರ ಕೇಳಿಸಿತು. ಆಮೇಲೆ ಅದೂ ಇಲ್ಲ.

ಡಾಕ್ಟರು ಹೊರಗೆ ಬಂದು ಕೈಗವಸು ಕಳಚಿದರು. ನಾನು ತಂಗಿಯೆಂದು ಅವರಿಗೆ ಗೊತ್ತಿತ್ತು, ಆದರೆ ಆ ಗಳಿಗೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ನನ್ನ ಕೊರಳಿನ ಗುರುತಿನ ಚೀಟಿ.

"ಸಿಸ್ಟಮ್ ಆನ್ ಮಾಡ್ಸಿ," ಎಂದರು. "ಟೈಮ್ ಹಾಕ್ಬೇಕು."

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಭಾವ ಬಟ್ಟೆಯ ಚೀಲ ಹಿಡಿದು ಬರುತ್ತಿದ್ದರು. ನನ್ನನ್ನು ಕಂಡು, "ನೀಲಿದು ಸಿಗಲಿಲ್ಲಮ್ಮ, ಹಸಿರು ತಂದೆ, ಬೈತಾಳೇನೋ," ಎಂದರು. ಅವರಿಗೆ ನಾನೇ ಹೇಳಬೇಕಾಯಿತು.

ನೆಲಮಾಳಿಗೆಗೆ ಮತ್ತೆ ಇಳಿದಾಗ ನಿಲ್ಲದಪ್ಪನವರು ಮೇಜಿನ ಪಕ್ಕ ನೆಲದ ಮೇಲೇ ಕೂತಿದ್ದರು. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನನ್ನ ಮುಖ ನೋಡಿದರು. ಮಹಡಿಗೊಂದರಂತೆ ಸ್ಕ್ರೀನುಗಳನ್ನು ಅಸಲಿಗೆ ತಿರುಗಿಸಿದೆ. ಡಿಸ್ಕು ಹಲ್ಲು ಕಡಿಯುತ್ತಲೇ ಅಷ್ಟನ್ನು ತಡೆದುಕೊಂಡಿತು. ನಾಲ್ಕನೇ ಮಹಡಿಯಿಂದ ಮೊದಲು ಬಂದ ಸಾಲು ಡಾಕ್ಟರದು. ಅಕ್ಕನ ಹೆಸರು, ಒಂದು ಹೊತ್ತು, ಅದರ ಮುಂದೆ ಒಂದೇ ಪದ.

ಡಿಸ್ಕು ಯಾವ ಗಳಿಗೆಯಲ್ಲಾದರೂ ಸಾಯಬಹುದಿತ್ತು. ಸತ್ತರೆ ಮೇಲಿರುವವರೆಲ್ಲರ ಎರಡು ದಿನ ಅದರ ಜೊತೆಗೇ ಹೋಗುತ್ತದೆ. ಅದನ್ನು ತಪ್ಪಿಸಲು ಇರುವುದು ನೆರಳೊಂದೇ. ಅದನ್ನು ಹಚ್ಚಿದೆ. ಅದು ಎದ್ದು, ಮೊನ್ನೆ ಮಧ್ಯಾಹ್ನದಲ್ಲೇ ನಿಂತಿತು. ಅದರೊಳಗೆ ಅಕ್ಕನ ಹೆಸರು ಕಪ್ಪಗಿತ್ತು. ಬೆಳಗ್ಗೆ ಎದ್ದು ಕೂತಿದ್ದಾರೆ, ಜ್ವರವಿಲ್ಲ, ಹೆಚ್ಚುವರಿ ದಿಂಬು ಕೊಡಲಾಗಿದೆ ಎಂದು ಯಾರೋ ನರ್ಸು ಬರೆದಿದ್ದಳು.

"ಬಿಡು ಅಂತ ನಾನು ಹೇಳ್ಲಾ?" ಎಂದರು ನಿಲ್ಲದಪ್ಪ, ನೆಲದಿಂದ ಏಳದೆ.

"ಬೇಡ ಸಾರ್. ನಾನೇ ಹೇಳ್ತೀನಿ."

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ತಿಳಿಯದು. ಅವಳ ನಾಲಿಗೆಗೆ ಹೆದರಿ ಎಷ್ಟೋ ಕೆಲಸ ಬೇಗ ಮಾಡಿದವಳು ನಾನು. ಇದೊಂದನ್ನು ಮಾಡಲು ಕೈ ಏಳಲಿಲ್ಲ. ಕೊನೆಗೆ ‘ಬಿಡು’ ಎಂದೆ. ನೆರಳು ಹೊರಟಿತು. ಮೊನ್ನೆಯ ಸಾಲುಗಳು ಬಂದವು, ಅಕ್ಕನ ಹೆಸರು ಕೆಂಪಾಯಿತು. ನಿನ್ನೆ ಬೆಳಗ್ಗೆ ಗಂಜಿ ಕುಡಿದಳು. ಸಂಜೆ ಬಾವು ಇಳಿಯಿತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಇವತ್ತು ನಾಲ್ಕು ಹೆಜ್ಜೆ ನಡೆದಳು, ನಾಳೆ ಮನೆಗೆ ಹೋಗಬಹುದೆಂದು ಡಾಕ್ಟರು ಬರೆದರು. ನೆರಳು ಅಸಲನ್ನು ಮುಟ್ಟಲು ಅರ್ಧ ಗಂಟೆ ಹಿಡಿಯಬೇಕಿತ್ತು, ಅದಕ್ಕಿಂತ ಬೇಗನೇ ಮುಟ್ಟಿತು. ಅಲ್ಲಿಯವರೆಗೆ ಅಕ್ಕ ಅದರಲ್ಲಿ ಬದುಕಿದ್ದಳು.